ನಾಲ್ಕನೆಯ ಮೆಣಸಿನಕಾಯಿ

ಬಾಗಲಗುಂಟೆ, ಗುರುವಾರ

ಮನೆ ಮಾಲೀಕರಾದ ಚಿಕ್ಕಮುನಿಯಪ್ಪಣ್ಣನವರಿಗೆ ಮೇಲಿನ ರೂಮಿನ ಈಶಪ್ಪನ ನಮಸ್ಕಾರ. ಎದುರಿಗೆ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ನಿಮ್ಮ ಕಾಂಪೌಂಡಿಗೆ ನಮ್ಮ ಮನೆತನದ ಸಂಘದವರು ಕಟ್ಟಿದ ‘ಮೆಣಸಿನಕಾಯಿ ಮನೆತನದ ಸಾಧಕರು’ ಫ್ಲೆಕ್ಸಿನಲ್ಲಿ ಜಡ್ಜ್, ಪೈಲ್ವಾನ್, ಗಾಯಕಿ ಮೂವರೂ ನಿಜವಾದ ಸಾಧಕರು. ನಾಲ್ಕನೆಯ ಮೂಲೆ ಖಾಲಿ ಕಾಣುತ್ತದೆಂದು, ಅದೇ ಅಡ್ಡಹೆಸರಿನವನೆಂದು, ಹಗ್ಗ ಕಟ್ಟಲು ಹೋಗಿದ್ದ ನನ್ನ ಫೋಟೊ ಹಾಕಿದರು. ನಾನು ಪೀಣ್ಯದ ಕಾರ್ಖಾನೆಯಲ್ಲಿ ಬರೀ ಲೇತ್ ಕೆಲಸದವನು.

‘ಲೋ ಈಶ, ನೀರಿನ ಮೋಟ್ರು ಆಫ್ ಮಾಡೋ’ ಎನ್ನುತ್ತಿದ್ದ ನೀವು ಫ್ಲೆಕ್ಸ್ ನೋಡಿದ ಮೇಲೆ ‘ಕಾಫಿ ಆಯ್ತಾ ಸಾರ್?’ ಎನ್ನುತ್ತೀರಿ. ಮೋಟ್ರನ್ನೂ ನೀವೇ ಆಫ್ ಮಾಡುತ್ತೀರಿ.

ನಾಳೆ ಫ್ಲೆಕ್ಸ್ ಬಿಚ್ಚುತ್ತಾರಂತೆ. ದಯವಿಟ್ಟು ಬಿಚ್ಚಲು ಬಿಡಬೇಡಿ. ಭಾನುವಾರ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆ. ಅವರೆದುರು ಒಂದು ಸಲ ‘ಸಾರ್’ ಅಂದುಬಿಡಿ.

ಸೋಮವಾರದಿಂದ ಮೋಟ್ರು ನನ್ನದೇ.

ಮತ್ತೆ ನಿಮ್ಮ,
‘ಲೋ ಈಶ’