ನಿಮ್ಮ ಪಾರ್ಕಿನ ಏಳು ಕಾಯಿಗಳ ವಿಚಾರ

ಬಡಾವಣೆಯ ಉದ್ಯಾನವನದ ಮೇಲ್ವಿಚಾರಕರೇ,

ಮಾನ್ಯರೇ,

ಕಳೆದ ತಿಂಗಳ ಎರಡನೇ ಭಾನುವಾರ ಸಂಜೆ ನಿಮ್ಮ ಪಾರ್ಕಿನಲ್ಲಿ ಏಳು ತೆಂಗಿನಕಾಯಿ ಸಮೇತ ಸಿಕ್ಕಿಬಿದ್ದ ಮನುಷ್ಯ ನಾನೇ. ‘ಬಿದ್ದ ತೆಂಗಿನಕಾಯಿಯನ್ನು ಇನ್ನು ಮುಂದೆ ಎಲ್ಲಿಯೂ ಮುಟ್ಟುವುದಿಲ್ಲ’ ಎಂದು ನಿಮ್ಮ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಟ್ಟವನೂ ನಾನೇ. ಆ ಮುಚ್ಚಳಿಕೆ ವಾಪಸು ಕೊಡಿ ಎಂದು ಎರಡು ಸಲ ಬರೆದೆ. ಉತ್ತರವಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಮಾನ ಹೋದೀತೆಂಬ ಭಯ ನನಗಿಲ್ಲ. ಅದು ಆಗಲೇ ನಮ್ಮೂರ ಪಕ್ಕದ ಕಿಬ್ಬನಹಳ್ಳಿಯ ಬಸ್ ಸ್ಟಾಪಿನ ತನಕ ಹೋಗಿ ಬಂದಿದೆ.

ನಾನು ತಿಪಟೂರು ಸೀಮೆಯ ತೆಂಗಿನ ತೋಟದವನು. ಮಗಳು ಗಿರಿಜಾಂಬಿಕಾ ನಿಮ್ಮ ನಗರದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ. ಅಂದು ಸಂಜೆ ಆರಕ್ಕೆ ಪಾರ್ಕಿನ ಆಚೆ ಬದಿಯ ಕಲಾಮಂದಿರದಲ್ಲಿ ಅವಳು ಹಾಡುವವಳಿದ್ದಳು. ವೇದಿಕೆ ಹತ್ತುವುದು ಅದೇ ಮೊದಲು. ಅಪ್ಪ ಎದುರಿಗಿದ್ದರೆ ಗಂಟಲು ನಡುಗುವುದಿಲ್ಲ ಎಂದು ಬರೆದಿದ್ದಳು. ಮಡಿ ಪಂಚೆ ಉಟ್ಟು, ಬೆಳಗಿನ ರೈಲಿಗೇ ಹೊರಟು, ಮಧ್ಯಾಹ್ನವೇ ನಿಮ್ಮ ಬಡಾವಣೆ ಸೇರಿದೆ. ಹೊತ್ತು ಬೇಕಾದಷ್ಟಿತ್ತು. ಹೊತ್ತು ಬೇಕಾದಷ್ಟಿದ್ದಾಗಲೇ ನಾನು ಕೆಡುವುದು.

ಬಡಾವಣೆಯನ್ನು ಹೊಗಳದೆ ಇರಲಾರೆ. ರಸ್ತೆಯ ಎರಡೂ ಕಡೆ ನೆರಳು, ಮನೆ ಮನೆಯ ಮುಂದೆ ಕುಂಡಗಳಲ್ಲಿ ಕ್ರೋಟನ್ ಗಿಡ. ತಿನ್ನಲು ಬಾರದ, ಮಾರಲು ಬಾರದ ಗಿಡಕ್ಕೆ ಅಷ್ಟೊಂದು ಉಪಚಾರವನ್ನು ನಾನು ಕಂಡದ್ದು ಅಲ್ಲೇ. ಚಿತ್ರಶಾಲೆಗೆ ಹೋದೆ, ಒಂದು ಚಿತ್ರವನ್ನು ಅರ್ಧ ಗಂಟೆ ನೋಡಿದೆ, ಅದರ ಪಕ್ಕದಲ್ಲೇ ಫ್ಯಾನ್ ಇತ್ತು. ಐದಕ್ಕೆ ಪಾರ್ಕಿಗೆ ಬಂದು ಬೋರ್ಡುಗಳನ್ನೆಲ್ಲ ಓದಿದೆ. ಹೂ ಕೀಳಬಾರದು. ಹುಲ್ಲು ತುಳಿಯಬಾರದು. ಬೆಂಚಿನ ಮೇಲೆ ಮಲಗಬಾರದು. ಎಲ್ಲಕ್ಕೂ ಒಪ್ಪಿ ಒಳಗೆ ನಡೆದೆ.

ಕಾರಂಜಿಯ ಹಿಂದೆ ಮೂರು ತೆಂಗಿನ ಮರ. ಕೆಳಗೆ ಅಲ್ಲೊಂದು ಇಲ್ಲೊಂದು ಬಿದ್ದ ಏಳು ಕಾಯಿ.

ನಮ್ಮ ಕಡೆಯ ಪದ್ಧತಿ ತಮಗೆ ತಿಳಿದಿರಲಾರದು. ಯಾರದೇ ತೋಟದಲ್ಲಿ ನಡೆಯುತ್ತಿರಲಿ, ದಾರಿಗೆ ಕಾಯಿ ಬಿದ್ದಿದ್ದರೆ ದಾಟಿ ಹೋಗುವಂತಿಲ್ಲ. ಎತ್ತಿ, ಅದು ಯಾವ ಮರದ್ದೋ ಆ ಮರದ ಬುಡಕ್ಕೆ ಇಟ್ಟು ಮುಂದೆ ಹೋಗಬೇಕು. ತೋಟದವನು ಬಂದಾಗ ಸಿಗುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಕೈ ತಾನೇ ಮಾಡುತ್ತದೆ. ಅಂದೂ ಮಾಡಿತು. ಎರಡು ಕಾಯಿ ಕಂಕುಳಲ್ಲಿ, ಉಳಿದವು ಮಡಿ ಪಂಚೆಯ ಮಡಿಲಲ್ಲಿ. ಯಾವುದು ಯಾವ ಮರದ್ದೆಂದು ಮೇಲೆ ನೋಡುತ್ತ ನಿಂತಿದ್ದಾಗ ನಿಮ್ಮ ಕಾವಲುಗಾರ ಬೋರಯ್ಯ ಬಂದು ರಟ್ಟೆ ಹಿಡಿದ. ಪದ್ಧತಿ ವಿವರಿಸಿದೆ. ಅವನು ಕೊನೆಯವರೆಗೂ ಕೇಳಿ, “ಎಲ್ರೂ ಹಿಂಗೇ ಹೇಳೋದು, ನಡೀರಿ ಯಜಮಾನ್ರೇ” ಎಂದ. ಹುಲ್ಲು ತುಳಿದುಕೊಂಡೇ ಕಚೇರಿಗೆ ಕರೆದೊಯ್ದ. ಗುಮಾಸ್ತರು ಹೇಳಿದಂತೆ ಬರೆದು ಸಹಿ ಹಾಕಿದೆ. ಮಾನ್ಯರೇ, ಸಿಕ್ಕವನು ಕಳ್ಳನೋ, ಬುಡಕ್ಕೆ ಇಡುವವನೋ ಎಂದು ಕೇಳಲು ನಿಮ್ಮಲ್ಲಿ ಒಂದು ನಮೂನೆಯಾದರೂ ಬೇಡವೇ?

ಇಷ್ಟೇ ಆಗಿದ್ದರೆ ತಪ್ಪೆಲ್ಲ ನಿಮ್ಮದೆಂದು ಗಟ್ಟಿಯಾಗಿ ಕೂಗಬಹುದಿತ್ತು. ಆದರೆ ನಿಮ್ಮವರು ನನ್ನನ್ನು ಬಿಟ್ಟಾಗ ಇನ್ನೂ ಐದೂಮುಕ್ಕಾಲು. ಕಲಾಮಂದಿರಕ್ಕೆ ಐದು ನಿಮಿಷದ ದಾರಿ. ಹೊರಗೆ ಬಂದು ನೋಡಿದರೆ ಬೋರಯ್ಯ ಏಳು ಕಾಯಿಯನ್ನೂ ಒಂದೇ ಮರದ ಬುಡಕ್ಕೆ ಸುರಿದಿದ್ದ. ಉದ್ದನೆಯ ಕಾಯಿ, ಗುಂಡು ಕಾಯಿ, ಎಲ್ಲ ಒಟ್ಟಿಗೆ! ಕಣ್ಣು ಮುಚ್ಚಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟಿದ್ದರಿಂದ ಮುಟ್ಟುವಂತಿರಲಿಲ್ಲ; ದೂರ ನಿಂತು ಬೆರಳು ತೋರಿಸಿ, ಒಂದೊಂದನ್ನೂ ಅದರದರ ಮರಕ್ಕೆ ಬೋರಯ್ಯನ ಕೈಲಿ ಇಡಿಸಿದೆ. ಅವನೂ ಪಾಪ, ಇಟ್ಟ. ಅಷ್ಟರಲ್ಲಿ ನಡುವಣ ಮರದ ಸುಳಿಯನ್ನು ದುಂಬಿ ಕೊರೆದಿರುವುದು ಕಣ್ಣಿಗೆ ಬಿತ್ತು. ಅದರ ಔಷಧಿಯನ್ನೂ ಹೇಳಿದೆ. ಹೇಳಿ ಮುಗಿಸುವಾಗ ಆರೂವರೆ.

ಓಡಿದೆ. ಐವತ್ತೆಂಟರ ಓಟ ಹೇಗಿರುತ್ತದೋ ಹಾಗೆ. ಕಲಾಮಂದಿರದ ಮುಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ, ಅದರ ಮೇಲೆ ಜಾಗ ಹಿಡಿಯಲು ಹಾಸಿದ್ದ ಮಗಳ ಕರವಸ್ತ್ರ. ಅವಳ ಹಾಡು ಮುಗಿದಿತ್ತು. ಎರಡನೇ ಸಾಲಿಗೇ ದನಿ ಕಟ್ಟಿತಂತೆ, ಹೇಗೋ ಮುಗಿಸಿದಳಂತೆ. ನಡೆದದ್ದನ್ನೆಲ್ಲ ತಮಾಷೆ ಮಾಡಿ ಹೇಳಿದೆ, ನಗುತ್ತಾಳೆಂದುಕೊಂಡೆ. ಅವಳು ಕರವಸ್ತ್ರ ಮಡಚುತ್ತ, “ಆ ಕಾಯಿ ಯಾರ್ದೋ ಕಣಪ್ಪ. ನಾನು ನಿನ್ನೋಳಲ್ವಾ?” ಎಂದಳು.

ತುಂಬಾ ನೋವಾಗಿದೆ ಎಂದು ಬರೆಯಲು ನಾಚಿಕೆಯೇನೂ ಇಲ್ಲ.

ಊರಿಗೆ ಬಂದ ಮೇಲಿನ ಕಥೆ ಕೇಳಬೇಡಿ. ಕೊಟ್ಟ ಮಾತು ತಪ್ಪಬಾರದೆಂಬ ಇನ್ನೊಂದು ಕಾಯಿಲೆಯೂ ನನಗಿದೆ. ನೀವು ‘ಎಲ್ಲಿಯೂ’ ಎಂದು ಬರೆಸಿಕೊಂಡಿದ್ದರಿಂದ ನನ್ನ ತೋಟದ ಕಾಯಿಯನ್ನೇ ಮುಟ್ಟಲು ಕೈ ಬಾರದು. ನನ್ನ ಹೆಂಡತಿ ಗುರುಸಿದ್ದಮ್ಮ ಮಂಕರಿ ಹಿಡಿದು ಆಯುತ್ತಾಳೆ, ನಾನು ಹಿಂದೆ ನಡೆಯುತ್ತೇನೆ. ಪಕ್ಕದ ತೋಟದ ಕಾಡಸಿದ್ದಪ್ಪ ಬೇಲಿಯಾಚೆಯಿಂದ, “ಮುಟ್ಬ್ಯಾಡ್ರಪ್ಪೋ, ಸರ್ಕಾರಕ್ಕೆ ಬರ್ಕೊಟ್ಟಿದೀರ” ಎಂದು ದಿನವೂ ಎಚ್ಚರಿಸುತ್ತಾನೆ.

ಆದ್ದರಿಂದ ಮುಚ್ಚಳಿಕೆ ಹಿಂದಿರುಗಿಸಿ. ಕೊಡಲಾಗದಿದ್ದರೆ ಕಡತದಲ್ಲೇ ಇಟ್ಟುಕೊಳ್ಳಿ, ಗುರುಸಿದ್ದಮ್ಮ ಹೇಗೋ ನಿಭಾಯಿಸುತ್ತಾಳೆ. ಆದರೆ ಇನ್ನೊಂದು ಬೇಡಿಕೆಯನ್ನು ಮಾತ್ರ ತಳ್ಳಿಹಾಕಬೇಡಿ. ಬರುವ ತಿಂಗಳ ಮೊದಲ ಭಾನುವಾರ ಸಂಜೆ ಆರಕ್ಕೆ ಮಗಳು ಅದೇ ಕಲಾಮಂದಿರದಲ್ಲಿ ಮತ್ತೆ ಹಾಡುತ್ತಾಳೆ. ನನ್ನನ್ನು ಬಾ ಎಂದು ಕರೆದಿಲ್ಲ. ತಾಯಿಗೆ ಬರೆದ ಕಾಗದದ ಕೊನೆಗೆ ದಿನ, ಹೊತ್ತು ಮಾತ್ರ ತಿಳಿಸಿದ್ದಾಳೆ. ನಾನು ಹೋಗುತ್ತೇನೆ, ದಾರಿ ನಿಮ್ಮ ಪಾರ್ಕಿನೊಳಗೇ. ಅಂದು ಐದಕ್ಕೆ ಮೊದಲೇ ಆ ಮೂರು ಮರಗಳ ಕೆಳಗಿನ ಕಾಯಿಗಳನ್ನು ಬುಡಕ್ಕೆ ಸೇರಿಸಿಡಿಸಿ. ನನ್ನ ಕೈಯನ್ನು ನಾನು ನಂಬುವುದಿಲ್ಲ. ಅದೂ ಆಗದಿದ್ದರೆ ಬೋರಯ್ಯನಿಗೆ ಅಪ್ಪಣೆ ಕೊಡಿ: ನಾನು ಗೇಟಿನೊಳಗೆ ಕಾಲಿಟ್ಟ ಕೂಡಲೇ ಮೊದಲಿನಂತೆಯೇ ರಟ್ಟೆ ಹಿಡಿಯಲಿ, ಈ ಸಲ ಕಚೇರಿಗಲ್ಲ, ನೇರ ಕಲಾಮಂದಿರಕ್ಕೆ ಎಳೆದೊಯ್ದು, ಮುಂದಿನ ಸಾಲಿನ ಆ ಕುರ್ಚಿಯಲ್ಲಿ ಕೂರಿಸಲಿ.

ಇಂತಿ,
ಸ್ವಂತ ತೋಟದಲ್ಲೇ ಕೈ ಕಟ್ಟಿಕೊಂಡು ಓಡಾಡುತ್ತಿರುವ
ಏಕಾಂತಯ್ಯ
ತಿಪಟೂರು ತಾಲ್ಲೂಕು, ೧೯೮೨