ಗೇಟಿನಲ್ಲಿ ಫೋನಿಟ್ಟವರ ಒಪ್ಪಿಗೆ

ಕುವೈತಿನ ನಮ್ಮ ನಾಲ್ಕು ಸಂಘಗಳ ಮಹಾ ಒಕ್ಕೂಟಕ್ಕೆ ಸಂವಿಧಾನ ಬರೆದುಕೊಟ್ಟಿರುವ ಸಮಿತಿಯ ಮಾನ್ಯ ಸಂಚಾಲಕರೇ,

ನೀವು ಪ್ರಕಟಿಸಿರುವ ಪ್ರಕಾರ ನಾನು ನಿಮ್ಮ ಸಂವಿಧಾನವನ್ನು ಒಪ್ಪಿದ್ದೇನೆ. ಯಾವಾಗ ಒಪ್ಪಿದೆ ಎಂಬುದೊಂದು ನನಗೆ ಗೊತ್ತಿಲ್ಲ. ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡದವರೆಲ್ಲ ಒಪ್ಪಿದಂತೆಯೇ ಸರಿ ಎಂದಿದ್ದೀರಿ. ಆ ಹದಿನೈದೂ ದಿನ ನಮ್ಮ ರಿಫೈನರಿಯಲ್ಲಿ ಶಟ್‌ಡೌನ್ ಇತ್ತು. ಎಲ್ಲ ನಿಲ್ಲಿಸಿ, ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಕಾಲ. ದಿನಕ್ಕೆ ಹನ್ನೆರಡು ತಾಸಿನ ಪಾಳಿ. ಕಿಡಿ ಹಾರೀತೆಂದು ಫೋನುಗಳನ್ನು ಗೇಟಿನ ಪೆಟ್ಟಿಗೆಯಲ್ಲೇ ಇಡಿಸುತ್ತಾರೆ. ನಿಮ್ಮ ಪಿಡಿಎಫ್ ಬಂದ ಹೊತ್ತಿನಲ್ಲಿ ನನ್ನ ಫೋನು ಆ ಪೆಟ್ಟಿಗೆಯಲ್ಲಿತ್ತು, ನಾನು ನಲವತ್ತು ಅಡಿ ಮೇಲೆ ತುಕ್ಕು ಹಿಡಿದ ಬೋಲ್ಟಿನ ಜೊತೆ ಜಗಳವಾಡುತ್ತಿದ್ದೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಹೇಳಿದ್ದು ಮದುವೆಯ ಹೆಣ್ಣಿಗೆ ಎಂದುಕೊಂಡಿದ್ದೆ. ಬೀಗ ಹಾಕಿದ ಫೋನಿಗೂ ಅದು ಅನ್ವಯಿಸುತ್ತದೆಂದು ನೀವು ಕಲಿಸಿದಿರಿ. ಕಲಿಸಿದ್ದಕ್ಕೆ ಉಪಕಾರ. ನನ್ನ ಶಾಲೆ ಮೂರು ಸಲ ನಿಂತು ನಿಂತು ಏಳನೆಯ ಇಯತ್ತೆಗೆ ಪೂರ್ತಿ ನಿಂತುಹೋಯಿತು. ಕಲಿಯಬೇಕಾದ್ದು ಬಹಳ ಉಳಿದಿದೆ.

ಶಟ್‌ಡೌನ್ ಮುಗಿದ ಮೇಲೆ ಬಂದ ಮೊದಲ ಶುಕ್ರವಾರದ ಸಭೆಯಲ್ಲಿ ನಾನು ಎದ್ದು ನಿಂತದ್ದು ನಿಮಗೆ ನೆನಪಿರಬಹುದು. ನನಗಂತೂ ಮರೆಯುವ ಹಾಗಿಲ್ಲ.

"ಟೈಮ್ ಖಲಾಸ್, ಮುದಕಪ್ಪನವರೇ. ಆಬ್ಜೆಕ್ಷನ್ ಕೊಡುವ ಪೀರಿಯಡ್ ಕ್ಲೋಸ್ ಆಗಿದೆ" ಎಂದಿರಿ.

"ಫೋನ್ ಗೇಟಿನ್ಯಾಗ ಇತ್ರಿ ಸರ್."

"ರೂಮಿಗೆ ಬಂದ ಮೇಲೆ ಓದಬಹುದಿತ್ತಲ್ಲ?"

"ಓದಿದೆರಿ. ಎಂಬತ್ತೆರಡು ಪುಟ, ಎಲ್ಲಾ ಇಂಗ್ಲಿಷ್. ಎರಡನೇ ಪುಟಕ್ಕ ನಿದ್ದಿ ಬಂತ್ರಿ."

ಸಭೆ ನಕ್ಕಿತು. ನೀವೂ ನಕ್ಕಿರಿ. ಆಮೇಲೆ ಯೂರೋಪಿನ ಮಾತು ತೆಗೆದಿರಿ. ಎಷ್ಟೋ ಯುದ್ಧ ಮಾಡಿಕೊಂಡ ದೇಶಗಳೇ ಒಂದು ಸಂವಿಧಾನದಡಿ ಸೇರಲು ಹೊರಟಿದ್ದವು, ನಮ್ಮ ಕರಡು ಅದರ ಮಾದರಿಯಲ್ಲೇ ಇದೆ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವ ನಾವು ಸೇರಲಾರೆವೆ ಎಂದಿರಿ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ತಟ್ಟದಿದ್ದರೆ ಯಾರಾದರೂ ನೋಡಿಯಾರೆಂದು ತಟ್ಟಿದೆ. ನನ್ನದು ಚಿಂತೆಯ ಜೀವ. ಅಡುಗೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಕಂಪನಿ ಬಸ್ಸಿನಿಂದ ಎರಡು ಸಲ ಇಳಿದು ಹೋದವನು. ಹಾಗಾಗಿ ಯೂರೋಪು ಏನಾಯಿತೆಂಬ ಚಿಂತೆಯೂ ಹತ್ತಿಕೊಂಡಿತು. ಸಿಟಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ, ದಿನಾ ಪೇಪರು ಓದುವ, ಕೊಂಕಣಿ ಸಂಘದ ಡೋಲ್ಫಿಯನ್ನು ಕೇಳಿದೆ.

"ಅಯ್ಯೋ ಮಾರಾಯ್ರೇ, ಅದು ಪಾಸೇ ಆಗ್ಲಿಲ್ಲ!" ಎಂದ. "ಎರಡು ಸಾವಿರದ ಐದರಲ್ಲಿ ಫ್ರಾನ್ಸಿನವರಿಗೆ ಅವರದ್ದೇ ಭಾಷೆಯಲ್ಲಿ ಮನೆಮನೆಗೆ ಪ್ರತಿ ಕಳ್ಸಿದ್ರು. ಜನ ಓದಿ, ಜಗಳ ಮಾಡಿ, ಸಾಲು ನಿಂತು ಬೇಡ ಅಂದ್ರು. ಮೂರು ದಿನ ಬಿಟ್ಟು ನೆದರ್‌ಲ್ಯಾಂಡಿನವರು ಸಹ ಬೇಡ ಅಂದ್ರು."

"ಆಮ್ಯಾಲ?"

"ಆಮೇಲೆಂತ? ಅದರಲ್ಲಿದ್ದದ್ದನ್ನೇ ಸುಮಾರಷ್ಟು ಬೇರೆ ಹೆಸರಿನ ಒಪ್ಪಂದ ಮಾಡಿ ತಂದ್ರು. ಈ ಸಲ ಓಟು ಹಾಕ್ಲಿಕ್ಕೆ ಕರ್ದದ್ದು ಐರ್ಲೆಂಡಿನವರನ್ನು ಮಾತ್ರ. ಅವರೂ ಬೇಡ ಅಂದ್ರು. ಮರುವರ್ಷ ಇನ್ನೊಮ್ಮೆ ಕೇಳಿ ಹೂಂ ಅನ್ನಿಸಿದ್ರು."

ಮಾನ್ಯರೇ, ನೀವು ಯೂರೋಪಿನಿಂದ ಪಾಠ ಕಲಿತಿಲ್ಲವೆಂದು ಇನ್ನು ನಾನು ಹೇಳಲಾರೆ. ಕೇಳಿದರೆ ಜನ ಬೇಡ ಎಂದಾರು ಎಂಬ ಪಾಠವನ್ನು ಚೆನ್ನಾಗಿಯೇ ಕಲಿತಿದ್ದೀರಿ. ಆದರೆ ಅಲ್ಲಿ ಒಂದು ಸಲವಾದರೂ ಕೇಳಿದ್ದರಲ್ಲ? ಬೇಡ ಎಂದವರ ತಲೆ ಎಣಿಸಿದ್ದರಲ್ಲ?

ನಾವು ಒಂದಾಗುವುದು ಬೇಡವೆಂಬುದು ನನ್ನ ತಕರಾರಲ್ಲ. ನಾವು ಒಂದಾಗಿ ಬಹಳ ದಿನವಾಗಿದೆ, ನಿಮಗೆ ತಿಳಿಸಲಿಲ್ಲ ಅಷ್ಟೇ. ನಾವಿರುವ ಮಂಗಫಿನಿಂದ ನಮ್ಮ ಕಂಪನಿ ಬಸ್ಸು ಓಡಿಸುತ್ತಿದ್ದ ತನಿಯಪ್ಪ ತುಳು ಮಾತಾಡುವವನು. ಶಟ್‌ಡೌನಿನ ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸನ್ನು ರಸ್ತೆಯ ಅಂಚಿಗೆ ತಂದು, ಬಲಗೈಯಿಂದ ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಮೇಲೆ ಹಾಗೇ ಒರಗಿದ. ಒಳಗೆ ನಾವು ಇಪ್ಪತ್ತಾರು ಜನ. ಪಾರ್ಶ್ವವಾಯು ಎಂದರು ಡಾಕ್ಟರು. ಇಪ್ಪತ್ತು ವರ್ಷ ಆಡಿದ ಹಿಂದಿ, ಅರಬಿ, ಕನ್ನಡ ಎಲ್ಲ ಹೋಗಿ ನಾಲಿಗೆಯಲ್ಲಿ ಉಳಿದದ್ದು ತಾಯಿ ಕಲಿಸಿದ ತುಳು ಒಂದೇ. "ತರೆ ಬೇನೆ, ತರೆ ಬೇನೆ" ಎನ್ನುತ್ತಿದ್ದ. ನರ್ಸಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತುಳು ಬಲ್ಲ ಡೋಲ್ಫಿ ಬ್ಯಾಂಕಿನಿಂದ ಟೈ ಸಮೇತ ಓಡಿ ಬಂದು, "ತಲೆನೋವು ಅಂತಿದ್ದಾನೆ, ಜಾಸ್ತಿ ಆಗ್ತಾ ಉಂಟಂತೆ" ಎಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ಒಳಗೆ ರಕ್ತ ಒಸರುತ್ತಿತ್ತು. ಇನ್ನರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಇದಕ್ಕೆ ನಾವು ಮಾತಿನ ಪಾಳಿ ಎನ್ನುತ್ತೇವೆ. ಯಾವ ಸಂಘದವನೇ ಆಸ್ಪತ್ರೆಗೆ ಬೀಳಲಿ, ಅವನ ಮನೆಮಾತು ಬಲ್ಲ ಒಬ್ಬ ಮಂಚದ ಪಕ್ಕ ಕೂರಬೇಕು. ಉಳಿದವರು ಅವನಿಗೆ ಊಟ ಮುಟ್ಟಿಸಬೇಕು. ಇದು ಯಾವ ಪುಟದಲ್ಲೂ ಬರೆದದ್ದಲ್ಲ.

ನೀವು ಬರೆದಿದ್ದೀರಿ. ಡೋಲ್ಫಿ ಅದನ್ನು ವಾರ್ಡಿನಲ್ಲೇ ನನಗೆ ಓದಿ ಹೇಳಿದ. ನಲವತ್ತೊಂದನೆಯ ವಿಧಿ: ರೋಗಿಗಳ ಭೇಟಿ ಇನ್ನು ಕ್ಷೇಮಾಭಿವೃದ್ಧಿ ಉಪಸಮಿತಿಯ ಮೂಲಕ ಮಾತ್ರ, ಏಳು ದಿನ ಮುಂಚಿತವಾಗಿ ಅರ್ಜಿ ಕೊಟ್ಟು, ಆಯಾ ಸಂಘದವರು ಆಯಾ ಸಂಘದವರಿಗೆ. ಪಾರ್ಶ್ವವಾಯುವಿಗೂ ಏಳು ದಿನ ಮುಂಚೆ ತಿಳಿಸಿ ಬರುವಂತೆ ಒಂದು ಸುತ್ತೋಲೆ ಕಳಿಸಿದ್ದೀರಾ? ಐವತ್ತು ಸದಸ್ಯರಿಲ್ಲದ ಸಂಘಕ್ಕೆ ಮತವಿಲ್ಲ, ಉಪಸಮಿತಿಯ ಸೇವೆಯೂ ಇಲ್ಲ. ಅದು 'ವೀಕ್ಷಕ' ಮಾತ್ರ. ತುಳು ಡ್ರೈವರುಗಳ ಸಂಘದಲ್ಲಿ ಇರುವುದು ಮೂವತ್ತೊಂದು ಜನ. ಹಾಗಾಗಿ ತನಿಯಪ್ಪ ಈಗ ವೀಕ್ಷಕ. ಸುಳ್ಳಲ್ಲ, ಮಲಗಿದಲ್ಲಿಂದ ದಿನವಿಡೀ ಚಾವಣಿ ವೀಕ್ಷಿಸುತ್ತಾನೆ. ಊರಿನ ವಿಮಾನ ಹತ್ತಲು ಇನ್ನೂ ಆರು ವಾರ ಬೇಕು. ಮುಂದಿನ ಒಂದನೇ ತಾರೀಖಿಗೆ ನಿಮ್ಮ ಸಂವಿಧಾನ ಜಾರಿಯಾದರೆ ಡೋಲ್ಫಿ ಬಂದು ಕೂರುವುದು ನಿಯಮಬಾಹಿರ. ತರೆ ಬೇನೆ ಎಂದರೆ ಯಾರು ಓಡಿ ಬರಬೇಕು, ನಿಮ್ಮ ಪಿಡಿಎಫೇ?

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಿವಿಗೆ ಬಿದ್ದರೆ, ಇಲ್ಲಿರಲು ಬೇಕಾದ ಇಕಾಮಾಕ್ಕೆ ಕುತ್ತು ಬಂದರೆ ಎಂಬ ಹೆದರಿಕೆ. ಊರಲ್ಲಿರುವ ಹೆಂಡತಿ ಕಾಳವ್ವ ಫೋನಿನಲ್ಲಿ, "ಊರ ಉಸಾಬರಿ ನಿಮಗ್ಯಾಕ ಬೇಕ್ರಿ?" ಎಂದು ಬೈದಳು. ಫೋನಿಡುವ ಮೊದಲು, "ಆ ತುಳು ಅಣ್ಣ ಉಂಡನೇನು?" ಎಂದು ಅವಳೇ ಕೇಳಿದಳು. ಮೂರನೆಯ ಸಲ ಹರಿಯಲಿಲ್ಲ.

ನಾನು ಕೇಳುವುದಿಷ್ಟು. ಬರುವ ಶುಕ್ರವಾರದ ಅಂಗೀಕಾರ ಸಭೆಯಲ್ಲಿ ಒಂದೊಂದು ವಿಧಿಯನ್ನೂ ನಮ್ಮ ನಮ್ಮ ಮಾತಿನಲ್ಲಿ ಓದಿಸಿ. ಬೇಕು ಎಂದವರನ್ನು ಎಣಿಸಿದ ಹಾಗೆಯೇ ಬೇಡ ಎಂದವರನ್ನೂ ಎಣಿಸಿ. ಮೂವತ್ತೊಂದು ಜನಕ್ಕೂ ಮತ ಕೊಡಿ. ಮಾತಿನ ಪಾಳಿಯನ್ನು ಅದರ ಪಾಡಿಗೆ ಬಿಡಿ.

ಇದನ್ನೆಲ್ಲ ತನಿಯಪ್ಪನ ಮಂಚದ ಪಕ್ಕ ಕೂತೇ ಬರೆದೆ. ಡೋಲ್ಫಿ ತುಳುವಿನಲ್ಲಿ ಅವನಿಗೆ ಓದಿ ಹೇಳಿದ. ನಲವತ್ತೊಂದನೆಯ ವಿಧಿ ಬಂದಾಗ ತನಿಯಪ್ಪ "ಬೊಡ್ಚಿ" ಎಂದ, ಬೇಡ ಎಂದು. ಹೇಳಿ ಹೊದಿಕೆಯೊಳಗಿಂದ ಎಡಗೈ ಎತ್ತಿದ. ಮತ ಹಾಕುವವರು ಬಲಗೈ ಎತ್ತಬೇಕೆಂದು ನಿಮ್ಮ ಏಳನೆಯ ವಿಧಿ ಹೇಳುತ್ತದಂತೆ. ಅವನ ಬಲಗೈ ಏಳುವುದಿಲ್ಲ, ಮಾನ್ಯರೇ. ನಮ್ಮ ಬಸ್ಸಿನ ಬ್ರೇಕ್ ಎಳೆದದ್ದೇ ಅದರ ಕೊನೆಯ ಕೆಲಸ. ಆ ಎಡಗೈಯನ್ನು ಎಣಿಸಿಕೊಳ್ಳಿ.

ಇಂತಿ,
ಒಪ್ಪಿದ್ದೇನೆಂದು ನಿಮ್ಮಿಂದಲೇ ತಿಳಿದುಕೊಂಡ,
ಮುದಕಪ್ಪ, ಪೈಪ್ ಫಿಟ್ಟರ್
ಮಂಗಫ್
(ನಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನು ಮತ್ತೆ ಗೇಟಿನಲ್ಲಿರುತ್ತದೆ. ದಯವಿಟ್ಟು ಆ ಹೊತ್ತಿನಲ್ಲಿ ನನ್ನಿಂದ ಏನನ್ನೂ ಒಪ್ಪಿಸಿಕೊಳ್ಳಬೇಡಿ.)