ಅಲ್ಲಾಡದ ಮುಚ್ಚಳ

ರೀ,

ಅಕ್ಕನ ಜೊತೆ ಕೆರೆ ಕಡೆ ಹೋಗಿದ್ದೀನಿ, ಸಂಜೆಗೆ ಬರ್ತೀನಿ. ಮಳೆ ಹೋಗಿ ಬಿಸಿಲು ಹದವಾಗಿದೆ, ಮರಗಳೆಲ್ಲ ಹಳದಿಗೆ ತಿರುಗಿವೆ ಅಂತ ವಾರದಿಂದ ಕರೀತಿದ್ದಳು. ನಿಮ್ಮೊಬ್ಬರನ್ನೇ ಬಿಟ್ಟು ಹೋಗೋಕೆ ನನಗೇ ಧೈರ್ಯ ಇರಲಿಲ್ಲ.

ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ. ಹಿತ್ತಲ ಬಾಗಿಲಿಗೆ ಬಣ್ಣ ಹೊಡೆಯೋ ಮುಂಚೆ ಉಪ್ಪುಕಾಗದದಲ್ಲಿ ಉಜ್ಜಬೇಕು ಅಂತಿದ್ರಲ್ಲ, ಕೈಗೆಟುಕುವಷ್ಟು ಉಜ್ಜಿ. ಏಣಿ ಮಾತ್ರ ಮುಟ್ಟಬೇಡಿ. ಅದರಿಂದ ಬಿದ್ದು ಬಲಗೈ ಮುರ್ಕೊಂಡಿದ್ದು ಒಂದು ಸಲಕ್ಕೇ ಸಾಕು.

ರಾತ್ರಿ ಸಕ್ಕರೆ ಡಬ್ಬಿ ಮುಚ್ಚಿದ್ದು ನೀವು ತಾನೆ? ಬೆಳಿಗ್ಗೆ ಬಟ್ಟೆ ಸುತ್ತಿ ತಿರುಗಿಸಿದೆ, ಬಿಸಿನೀರಲ್ಲಿ ಅದ್ದಿದೆ, ನಿಮಗೆ ಬೈದೂ ಬೈದೆ. ಮುಚ್ಚಳ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಆಮೇಲೆ ಹೊಳೀತು. ಕಟ್ಟು ಬಿಚ್ಚಿದ ಮೇಲೂ ನಿಮ್ಮ ಬಲಗೈಯಲ್ಲಿ ಲೋಟ ನಿಲ್ತಿರಲಿಲ್ಲ. ಇಷ್ಟು ದಿನ ಎಡಗೈಯಲ್ಲಿ ಅರೆಬರೆ ಮುಚ್ಚಿ ಇರುವೆ ಸಾಕಿದ್ರಿ. ಡಬ್ಬಿ ತೊಡೆ ಮೇಲಿಟ್ಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎದ್ದವಳೇ ಅಕ್ಕನಿಗೆ ಫೋನ್ ಮಾಡಿ ಬರ್ತೀನಿ ಅಂದೆ.

ಕಾಫಿ ಸಪ್ಪೆಯಾಗಿಯೇ ಕುಡಿದೆ, ನೀವೂ ಹಾಗೇ ಕುಡೀರಿ. ಡಬ್ಬಿ ಈಗ ತೆಗೀಬೇಡಿ. ನಾನು ಬಂದ ಮೇಲೆ, ನನ್ನ ಕಣ್ಣೆದುರಿಗೇ, ಆ ಬಲಗೈಯಲ್ಲೇ ತೆಗೀರಿ.